ಆಯುಧ ಪೂಜೆಯ ದಿನ ಹಾಕಿದ ಲಿನಕ್ಸ್

ಕಂಪ್ಯೂಟರಿಗೆ ಹೊಸ ಸಿಸ್ಟಂ ಇನ್‌ಸ್ಟಾಲ್ ಆಗುತ್ತಿರುವಾಗ, ಯಾವ ಪೆನ್‌ಡ್ರೈವ್‌ನಿಂದ ಅದು ಇನ್‌ಸ್ಟಾಲ್ ಆಗುತ್ತಿದೆಯೋ ಅದೇ ಪೆನ್‌ಡ್ರೈವನ್ನು ನಡುವೆ ಕಿತ್ತು, ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿಸಿದವನು ಕೋಲಾರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಜಿಲ್ಲೆ ಅಂದದ್ದು ವಿನಯಕ್ಕೆ. ಪ್ರಪಂಚದಲ್ಲೇ ಒಬ್ಬನೇ ಅಂತ ನನ್ನ ಅಂದಾಜು.

ಹೋದ ವಾರ ಚಾರ್ಜರ್ ಹುಡುಕುತ್ತಾ ಮೇಜಿನ ಖಾನೆ ಎಳೆದಾಗ ಆ ಪೆನ್‌ಡ್ರೈವ್ ಕೈಗೆ ಸಿಕ್ಕಿತು. ತಗಡಿನ ಬಾಯಿಯೊಳಗೆ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿದೆ. ಮೂಸಿ ನೋಡಿದೆ. ಯಾಕೆ ಮೂಸಿದೆ ಅಂತ ನನಗೂ ಗೊತ್ತಿಲ್ಲ. ಕರ್ಪೂರದ ವಾಸನೆ ಬಂದ ಹಾಗಾಯಿತು. ಇಷ್ಟು ವರ್ಷ ಕರ್ಪೂರದ ವಾಸನೆ ಉಳಿಯುವುದಿಲ್ಲ, ಅದು ನನ್ನ ಮೂಗಿನ ಕಲ್ಪನೆ. ಆದರೆ ಆ ಇಲ್ಲದ ವಾಸನೆಯ ಹಿಂದೆಯೇ ಮುಳಬಾಗಿಲಿನ ತಾಲ್ಲೂಕು ಕಚೇರಿ ರಸ್ತೆಯ ಒಂದು ಸಣ್ಣ ಅಂಗಡಿ ಬಂತು. ಬಿಸಿಯಾದ ಜೆರಾಕ್ಸ್ ಮೆಷಿನ್ನು, ಸುತ್ತ ಕತ್ತರಿಸಿದ ಕಾರ್ಡಿನ ಅಂಚುಗಳು, ಮೂಗಿನ ತುದಿಗೆ ಇಳಿದ ಕನ್ನಡಕ... ಡಿಟಿಪಿ ಆಂಟಿ.

ಆಗ ನಾನು ಮುಳಬಾಗಿಲಿನಿಂದ ಕೋಲಾರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಡಿಪ್ಲೊಮಾ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ಬಸ್ಸಿನಲ್ಲಿ ಹೋಗುತ್ತಿದ್ದೆ ಅನ್ನುವುದು ಸತ್ಯಕ್ಕೆ ಹತ್ತಿರ. ಹೈಸ್ಕೂಲಿನಿಂದ ಬಳಸಿದ್ದು ವಿಂಡೋಸ್, ಅದೂ ಊರಿನ ಎಲ್ಲರ ಹಾಗೆ ಕಳ್ಳ ಕಾಪಿ. ಆಗಾಗ ಪರದೆ ಕಪ್ಪಾಗಿ, ಇದು ಅಸಲಿ ಅಲ್ಲ ಎಂದು ಮೂಲೆಯಲ್ಲಿ ಬರೆದುಕೊಳ್ಳುತ್ತಿತ್ತು. ನನ್ನ ಮಾರ್ಕ್ಸ್ ಕಾರ್ಡ್ ನೋಡಿದವರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರಿಂದ ನನಗೆ ಬೇಜಾರಾಗುತ್ತಿರಲಿಲ್ಲ. ಕೊನೆಗೊಂದು ದಿನ ವೈರಸ್ ಬಂದು, ಪ್ರಾಜೆಕ್ಟ್ ರಿಪೋರ್ಟ್ ಇದ್ದ ಫೋಲ್ಡರನ್ನು ನುಂಗಿ ಕೂತಿತು. ಅವತ್ತು, ವಿಂಡೋಸ್ ಬದಲಿಗೆ ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸಿಗೆ ಬಂದೆ.

ಮೊದಲ ದಿನ ಮನೆಯ ಹಳೆಯ ಕಂಪ್ಯೂಟರಿನಲ್ಲಿ, ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ಪಾಸ್‌ವರ್ಡ್ ಹೊಡೆದರೆ ಪರದೆಯ ಮೇಲೆ ಏನೂ ಮೂಡಲಿಲ್ಲ. ಚುಕ್ಕಿಯಿಲ್ಲ, ನಕ್ಷತ್ರವಿಲ್ಲ. ಕೀಬೋರ್ಡ್ ಸತ್ತಿದೆ ಅಂದುಕೊಂಡು ಹೊಸದು ತಂದೆ. ಅದೂ ಸತ್ತಿತ್ತು. ಅಂಗಡಿಯವರ ಜೊತೆ ಜಗಳವಾಡಿ ಬದಲಾಯಿಸಿಕೊಂಡು ಬಂದೆ. ಅದೂ ಸತ್ತಿತ್ತು. ಪಾಸ್‌ವರ್ಡನ್ನು ತೋರಿಸದೆ ಒಳಗೆ ತೆಗೆದುಕೊಳ್ಳುವುದೇ ಆ ಕಪ್ಪು ಕಿಟಕಿಯ ಪದ್ಧತಿ ಎಂದು ನನಗೆ ತಿಳಿಯುವ ಹೊತ್ತಿಗೆ ಆ ಅಂಗಡಿಯವರು ನನ್ನನ್ನು ದೂರದಿಂದ ಕಂಡರೆ ಫೋನ್ ಕಿವಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಆಮೇಲೆ ಸೌಂಡ್ ಬರಲಿಲ್ಲ. ಒಂದು ಇಡೀ ಸೆಮಿಸ್ಟರ್ ಸಿನಿಮಾಗಳನ್ನು ಮೂಕಿಯಾಗಿ ನೋಡಿದೆ.

ಇಷ್ಟಾದರೂ, ಅಥವಾ ಇಷ್ಟಾಗಿದ್ದಕ್ಕೇ ಏನೋ, ಹೊಸದಾಗಿ ಮಾಲೆ ಹಾಕಿದವನ ಹಾಗೆ ಸಿಕ್ಕಸಿಕ್ಕವರಿಗೆಲ್ಲ ಲಿನಕ್ಸ್ ಬೋಧಿಸತೊಡಗಿದೆ. ಬಸ್ ಕಂಡಕ್ಟರಿಗೂ ಹೇಳಿದ್ದೇನೆ. ಅವರು ಮುಂದಕ್ಕೆ ಹೋಗಪ್ಪಾ ಅಂದರು.

ಡಿಟಿಪಿ ಆಂಟಿ ಮಾತ್ರ ಮುಂದಕ್ಕೆ ಹೋಗು ಅನ್ನಲಿಲ್ಲ. ಅವರು ಯಾರಿಗೂ ಏನೂ ಅನ್ನುತ್ತಿರಲಿಲ್ಲ. ಅರ್ಜಿ, ಮದುವೆ ಕಾರ್ಡು, ಗೃಹಪ್ರವೇಶ, ತಿಥಿ ಪತ್ರಿಕೆ, ಫ್ಲೆಕ್ಸಿನ ಮ್ಯಾಟರ್ ಎಲ್ಲವನ್ನೂ ಒಂದೇ ಮುಖದಲ್ಲಿ ಟೈಪ್ ಮಾಡುತ್ತಿದ್ದರು. ತವರು ಶ್ರೀನಿವಾಸಪುರದ ಆಚೆ, ರಾಯಲ್ಪಾಡಿನ ಕಡೆ. ಮನೆಮಾತು ತೆಲುಗು. ನನ್ನ ಮೇಲೆ ಸಿಟ್ಟಿಲ್ಲದಾಗ ‘ನಾಯ್ನಾ’ ಅನ್ನುತ್ತಿದ್ದರು, ಸಿಟ್ಟು ಬಂದಾಗ ‘ಸಾರ್’ ಅನ್ನುತ್ತಿದ್ದರು. ಅಂಗಡಿ ಇಟ್ಟವರು ಅವರ ಗಂಡ. ಅವರು ತೀರಿಕೊಂಡ ಮೇಲೆ ಆಂಟಿ ಬಂದು ಅದೇ ಕುರ್ಚಿಯಲ್ಲಿ ಕೂತು, ಒಂದೊಂದೇ ಬೆರಳಿನಲ್ಲಿ ಕನ್ನಡ ಟೈಪಿಂಗ್ ಕಲಿತರಂತೆ. ನಾನು ನೋಡುವ ಹೊತ್ತಿಗೆ ಬೆರಳುಗಳು ಕಾಣುತ್ತಲೇ ಇರಲಿಲ್ಲ.

ಪಕ್ಕದ ಮಳಿಗೆಯಲ್ಲಿ ಅವರ ಮೈದುನನ ಕಂಪ್ಯೂಟರ್ ಸೇಲ್ಸ್ ಅಂಡ್ ಸರ್ವಿಸ್. ನನಗೆ ಕೀಬೋರ್ಡ್ ಮೇಲೆ ಕೀಬೋರ್ಡ್ ಕೊಟ್ಟು ಸುಸ್ತಾದವರು ಇವರೇ. ಎರಡೂ ಅಂಗಡಿಗಳ ನಡುವೆ ಒಂದೇ ಗೋಡೆ. ಆಂಟಿಯ ಹಳೆಯ ಕಂಪ್ಯೂಟರ್ ತಿಂಗಳಿಗೊಮ್ಮೆಯಾದರೂ ಹ್ಯಾಂಗ್ ಆಗಿ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಮೈದುನ ತಮ್ಮ ಸಿಡಿ ತಂದು ಫಾರ್ಮ್ಯಾಟ್ ಹೊಡೆಯಬೇಕು. ಸಿಡಿ ಅವರ ಹತ್ತಿರ, ಹಾಕುವಾಗ ಅದು ಕೇಳುವ ನಂಬರ್ ಅವರ ತಲೆಯಲ್ಲಿ. ಕೆಲವು ಸಲ ಸಿಪಿಯು ಡಬ್ಬವನ್ನೇ ಎತ್ತಿಕೊಂಡು ಹೋಗಿ ತಮ್ಮ ಅಂಗಡಿಯಲ್ಲಿ ಇಟ್ಟುಬಿಡುತ್ತಿದ್ದರು. ಅದು ವಾಪಸ್ ಬರುವವರೆಗೆ ಆಂಟಿ ಖಾಲಿ ಮೇಜಿನ ಮುಂದೆ ಕೂತು ಜೆರಾಕ್ಸ್ ಮಾತ್ರ ಮಾಡುತ್ತಿದ್ದರು. ಕಾರ್ಡಿಗೆ ಬಂದವರು ಬೇರೆ ಕಡೆ ಹೋಗುತ್ತಿದ್ದರು.

ಮೈದುನ ಕೆಟ್ಟವರಲ್ಲ. ಅಣ್ಣ ಹೋದ ಮೇಲೆ ಆ ಮನೆಗೆ ಅಕ್ಕಿಬೇಳೆ ಕಡಿಮೆಯಾಗದಂತೆ ನೋಡಿಕೊಂಡವರು. ಅತ್ತಿಗೆ ಮನೆಯಲ್ಲಿ ನೆಮ್ಮದಿಯಾಗಿರಬೇಕು, ಗೋಡೆ ಒಡೆದು ಎರಡು ಅಂಗಡಿ ಒಂದು ಮಾಡಬೇಕು ಅನ್ನುವುದು ಅವರ ಲೆಕ್ಕ. ಅತ್ತಿಗೆಯನ್ನು ಅವರ ಮನೆಯಲ್ಲಿ ವದಿನ ಅನ್ನುತ್ತಾರೆ. ಒಮ್ಮೆ ನಾನು ಜೆರಾಕ್ಸಿಗೆ ನಿಂತಿದ್ದಾಗ ಅವರು ಸಿಡಿಯನ್ನು ಅಂಗಿಯ ಅಂಚಿನಲ್ಲಿ ಒರೆಸುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ಇದೇ ಕೊನೆ ವದಿನಾ. ಇನ್ನೊಂದ್ಸಲ ಕೆಟ್ರೆ ನಾನ್ ಮುಟ್ಟಲ್ಲ. ಅಂಗಡಿ ಮುಚ್ಬಿಡೋಣ. ನಿಮಗ್ಯಾಕೆ ಈ ತಾಪತ್ರಯ?”

ಆಂಟಿ ಕನ್ನಡಕದ ಮೇಲಿಂದ ಅವರನ್ನು ನೋಡಿ, ನನ್ನ ಜೆರಾಕ್ಸ್ ಹಾಳೆಗಳನ್ನು ಜೋಡಿಸಿ ಕೊಟ್ಟರು. ಮೈದುನ ಹೋದ ಮೇಲೆ ಕೇಳಿದರು.

“ನಿನ್ ಸಿಸ್ಟಂ ಕೆಟ್ರೆ ಯಾರನ್ನ ಕರೀತೀಯ ನಾಯ್ನಾ?”

“ಯಾರನ್ನೂ ಇಲ್ಲ ಆಂಟಿ. ನಾನೇ ಕೂತ್ಕೊಂಡು ಸರಿ ಮಾಡ್ಕೊತೀನಿ.”

“ಆಗ್ಲಿಲ್ಲ ಅಂದ್ರೆ?”

“ನೆಟ್‌ನಲ್ಲಿ ಕೇಳಿದ್ರೆ ಯಾರಾದ್ರೂ ಹೇಳ್ತಾರೆ. ಅವ್ರ್ ಯಾರು ಅಂತಾನೂ ನಮಗೆ ಗೊತ್ತಿರಲ್ಲ.”

“ಅವ್ರು ಅಂಗಡಿಗೆ ಬರಲ್ವಾ?”

“ಇಲ್ಲ.”

“ಡಬ್ಬ ಎತ್ಕೊಂಡು ಹೋಗಲ್ವಾ?”

“ಇಲ್ಲ ಆಂಟಿ.”

“ಸರ್ಲೇ. ಹಾಕು.”

ಅದಕ್ಕೆ ಮುಂಚೆ ವಾರಗಟ್ಟಲೆ ಸ್ವಾತಂತ್ರ್ಯ, ಸಮುದಾಯ, ಮುಕ್ತ ತಂತ್ರಾಂಶ ಅಂತೆಲ್ಲ ನಾನು ಅವರ ತಲೆ ತಿಂದಿದ್ದೆ. ನನ್ನ ಭಾಷಣಕ್ಕೇ ಅವರು ಕರಗಿದರು ಅಂದುಕೊಂಡು ಮನೆಗೆ ಹೋಗುವಾಗ ಸೈಕಲ್ಲನ್ನು ಕೈ ಬಿಟ್ಟು ಓಡಿಸಿದೆ. ಬಿದ್ದೆ ಕೂಡ.

ಹಾಕುವ ದಿನವನ್ನು ಗೊತ್ತುಮಾಡಿದವನೂ ನಾನೇ. ಆಯುಧ ಪೂಜೆ. ಹೇಗಿದ್ದರೂ ಅವತ್ತು ಅಂಗಡಿಯಲ್ಲಿ ಕೆಲಸ ಇರುವುದಿಲ್ಲ. ಪೂಜೆಗೆ ಮುಂಚೆ ಶುರು ಮಾಡಿದರೆ ಮಂಗಳಾರತಿ ಹೊತ್ತಿಗೆ ಹೊಸ ಸಿಸ್ಟಂ ತಯಾರು, ಹೊಸದಕ್ಕೇ ಪೂಜೆ. ಇಷ್ಟು ಒಳ್ಳೆಯ ಯೋಜನೆ ನನ್ನ ತಲೆಗೆ ಬಂದದ್ದೇ ನನಗೆ ಅನುಮಾನ ಹುಟ್ಟಿಸಬೇಕಿತ್ತು. ಆಂಟಿಯ ಹಳೆಯ ಕಡತಗಳನ್ನೂ ಫಾಂಟುಗಳನ್ನೂ ಹಿಂದಿನ ದಿನವೇ, ಆಮೇಲೆ ಕೊಂಡಿದ್ದ ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡಿದ್ದೆ. ಆ ಇಡೀ ಕಥೆಯಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ.

ಒಂದು ತೊಡಕಿತ್ತು. ಆವನಿಯಿಂದ ಒಬ್ಬರು ಬಂದು, ತೀರಿಕೊಂಡ ತಾಯಿಯ ವೈಕುಂಠ ಸಮಾರಾಧನೆಯ ಪತ್ರಿಕೆಗೆ ಮ್ಯಾಟರ್ ಕೊಟ್ಟು ಹೋಗಿದ್ದರು. ಹಬ್ಬದ ದಿನ ಸಂಜೆ ಬಂದು ತೆಗೆದುಕೊಳ್ಳುವುದು, ಮಾರನೆಯ ಬೆಳಿಗ್ಗೆ ಬಸ್ಸುಗಳಲ್ಲಿ ನೆಂಟರ ಊರುಗಳಿಗೆ ಕಳಿಸುವುದು ಅಂತ ಮಾತು. ಆಂಟಿ ಹಬ್ಬಕ್ಕೆ ಮುಂಚೆಯೇ ಹೊಡೆದಿಟ್ಟುಬಿಡುತ್ತೇನೆ ಅಂದರು. ನಾನು ಬಿಡಲಿಲ್ಲ.

“ಲಿನಕ್ಸ್‌ನಲ್ಲೇ ಹೊಡೆಯೋಣ ಆಂಟಿ. ಹತ್ತ್ ನಿಮಿಷದ ಕೆಲಸ.”

ಹಬ್ಬದ ದಿನ ಮಧ್ಯಾಹ್ನ ಪೆನ್‌ಡ್ರೈವ್ ಚುಚ್ಚಿ, ಇನ್‌ಸ್ಟಾಲ್ ಒತ್ತಿ, ಗೆರೆ ನಿಧಾನವಾಗಿ ತುಂಬುವುದನ್ನು ನೋಡುತ್ತಾ ಕೂತೆ. ಹಳೆಯ ಯಂತ್ರ, ಗೆರೆ ಬಸವನಹುಳುವಿನ ಹಾಗೆ ಹೋಗುತ್ತಿತ್ತು. ಅಷ್ಟರಲ್ಲಿ ಆಂಟಿ ಜೆರಾಕ್ಸ್ ಮೆಷಿನ್ನಿಗೆ, ಪ್ರಿಂಟರಿಗೆ, ಕಾರ್ಡ್ ಕತ್ತರಿಸುವ ಕಟರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಮಂಗಳಾರತಿ ತಟ್ಟೆ ಹಿಡಿದು ನಿಂತರು. ಪಕ್ಕದ ಮೈದುನನ ಅಂಗಡಿಯಲ್ಲಿ ಬೂದುಗುಂಬಳ ಒಡೆದ ಸದ್ದಾಯಿತು.

“ಮೆಷಿನ್ ಆಫ್ ಮಾಡು ನಾಯ್ನಾ. ಓಡೋ ಮೆಷಿನ್ನಿಗೆ ಪೂಜೆ ಮಾಡಲ್ಲ.”

ಆಫ್ ಮಾಡಿದರೆ ಇನ್‌ಸ್ಟಾಲ್ ನಡುವೆ ನಿಲ್ಲುತ್ತದೆ. ಅದು ನನಗೆ ಗೊತ್ತಿತ್ತು. ಆದ್ದರಿಂದ ಅತಿ ಜಾಣತನದಿಂದ ಬರೀ ಮಾನಿಟರ್ ಆಫ್ ಮಾಡಿದೆ. ಪರದೆ ಕಪ್ಪಾಯಿತು, ಆಂಟಿಗೆ ಸಮಾಧಾನವಾಯಿತು, ಒಳಗೆ ಕೆಲಸ ನಡೆಯುತ್ತಲೇ ಇತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಎಲ್ಲ ಆಯುಧಗಳಿಗೂ ಕುಂಕುಮ ಬಿದ್ದಿತ್ತು. ಇವತ್ತಿನ ಮುಖ್ಯ ಆಯುಧಕ್ಕೇ ಇಲ್ಲವಲ್ಲ ಅನ್ನಿಸಿತು. ಇಡೀ ಲಿನಕ್ಸ್ ಇರುವುದು ಆ ಪೆನ್‌ಡ್ರೈವ್‌ನಲ್ಲಿ. ಭಕ್ತಿಯಿಂದ ಅದನ್ನು ಕಿತ್ತೆ. ಪರದೆ ಕಪ್ಪಾಗಿದ್ದರಿಂದ ಒಳಗೆ ಏನಾಯಿತೋ ಕಾಣಲಿಲ್ಲ. ತಟ್ಟೆಯಲ್ಲಿಟ್ಟು, ನೀರಿನಲ್ಲಿ ಕಲೆಸಿದ ಕುಂಕುಮವನ್ನು ಧಾರಾಳವಾಗಿ ಹಚ್ಚಿದೆ. ಹಿಂಬದಿಗೆ ಹಚ್ಚಿದರೆ ಚೆನ್ನಾಗಿರುವುದಿಲ್ಲ ಎಂದು ತಗಡಿನ ಬಾಯಿಯ ಕಡೆಗೇ ಹಚ್ಚಿದೆ. ಆಂಟಿ ಮಂಗಳಾರತಿ ಎತ್ತಿದರು. ನಾನು ಕಣ್ಣು ಮುಚ್ಚಿ ಗಂಟೆ ಬಾರಿಸಿದೆ.

ಪೂಜೆ ಮುಗಿದು ಮಾನಿಟರ್ ಹಾಕಿದಾಗ ಕಪ್ಪು ಪರದೆಯ ತುಂಬ ಬಿಳಿ ಇಂಗ್ಲಿಷ್ ಸಾಲುಗಳು ನಿಂತಿದ್ದವು. ಎಲ್ಲದರಲ್ಲೂ ಎರರ್ ಅನ್ನುವ ಪದ.

“ಇದೇನು?” ಆಂಟಿ ಕೇಳಿದರು.

“ಲಿನಕ್ಸ್ ಮೊದ್ಲು ಹಿಂಗೇ ಬರೋದು ಆಂಟಿ.”

“ಮುಖ ಯಾಕ್ ಹಂಗಾಯ್ತು ಸಾರ್ ನಿಮ್ದು?”

ಸಾರ್ ಬಂದಿತ್ತು. ಹೇಳಿದೆ. ಹಳೆಯದು ಅಳಿಸಿಹೋಗಿದೆ, ಹೊಸದು ಅರ್ಧಕ್ಕೆ ನಿಂತಿದೆ, ಪೆನ್‌ಡ್ರೈವ್ ಒದ್ದೆಯಾಗಿ ಸತ್ತಿದೆ. ಹೊಸ ಪೆನ್‌ಡ್ರೈವ್ ಕೊಳ್ಳೋಣ ಅಂದರೆ ಮೈದುನನ ಅಂಗಡಿಯೊಂದನ್ನು ಬಿಟ್ಟು ಊರಿನ ಅಂಗಡಿಗಳೆಲ್ಲ ಹಾರ ಹಾಕಿಕೊಂಡು ಬಾಗಿಲು ಹಾಕಿದ್ದವು. ಆಂಟಿ ಬೈಯಲಿಲ್ಲ. ತಟ್ಟೆ ಕೆಳಗಿಟ್ಟು, ಹಾರ ಹಾಕಿದ ಡಬ್ಬವನ್ನು ಒಮ್ಮೆ ನೋಡಿ, ಗೋಡೆಯ ಕಡೆ ನೋಡಿದರು. ಗೋಡೆಯ ಆಚೆಯಿಂದ ಮೈದುನ ಕಡಲೆಪುರಿ ಹಂಚುತ್ತಾ ನಗುವುದು ಕೇಳುತ್ತಿತ್ತು. ಅವರನ್ನು ಕರೆದರೆ ಅರ್ಧ ಗಂಟೆಯಲ್ಲಿ ಆವನಿಯವರ ಪತ್ರಿಕೆ ಮುಗಿಯುತ್ತದೆ. ಅದರ ಜೊತೆಗೆ ಅಂಗಡಿಯೂ ಮುಗಿಯುತ್ತದೆ. ಕರೆಯದಿದ್ದರೆ ಆವನಿಯವರು ಬರಿಗೈಯಲ್ಲಿ ಹೋಗಬೇಕು.

“ನಿನ್ ಲ್ಯಾಪ್‌ಟಾಪ್ ಎಲ್ಲೈತೆ?”

ಅದು ಇದ್ದದ್ದು ನಮ್ಮ ಮನೆಯ ದೇವರ ಮುಂದೆ. ಸರಸ್ವತಿ ಪೂಜೆಗೆಂದು ಅಮ್ಮ ನನ್ನ ಪುಸ್ತಕಗಳ ಜೊತೆ ಅದನ್ನೂ ಜೋಡಿಸಿ, ಮೇಲೆ ರೇಷ್ಮೆ ವಸ್ತ್ರ ಹೊದಿಸಿ, ಅಕ್ಷತೆ ಹಾಕಿಟ್ಟಿದ್ದಳು. ವಿಜಯದಶಮಿಯ ಪೂಜೆಯಾಗುವವರೆಗೆ ಮುಟ್ಟುವ ಹಾಗಿಲ್ಲ. ಪುಸ್ತಕ ಮುಟ್ಟಬಾರದು ಅನ್ನುವ ಭಾಗ ನನಗೆ ಚಿಕ್ಕಂದಿನಿಂದ ಬಹಳ ಇಷ್ಟವಾದ ಸಂಪ್ರದಾಯ.

“ಅಮ್ಮ ಕೊಡಲ್ಲ ಆಂಟಿ,” ಅಂದೆ.

“ನಡಿ, ನಾನ್ ಕೇಳ್ತೀನಿ.”

ಅಂಗಡಿಗೆ ಅರ್ಧ ಷಟರ್ ಎಳೆದು ನನ್ನ ಹಿಂದೆ ಬಂದರು. ಅಮ್ಮ ಸಡಗರದಿಂದಲೇ ಒಳಗೆ ಕರೆದು, ಚಾಪೆ ಹಾಕಿ, ಎಲೆಯಡಿಕೆ ತಟ್ಟೆ ತಂದಳು. ವಿಷಯ ತಿಳಿದ ಮೇಲೆ ತಟ್ಟೆ ಅಲ್ಲೇ ನಿಂತಿತು.

“ಪೂಜೆಗಿಟ್ಟಿದ್ದನ್ನ ನಾಳೆವರ್ಗೂ ಅಲ್ಲಾಡಿಸ್ಬಾರ್ದು ಕಣ್ರೀ. ಅದೂ ಇಂಥಾ ಕಾರ್ಡಿಗೆ... ಹಬ್ಬದ ಮನೇಲಿ ಹೆಂಗ್ ಕೊಡ್ಲಿ ಹೇಳಿ.”

ನಾನು ಬಾಗಿಲ ಹತ್ತಿರ ನಿಂತು ಚಪ್ಪಲಿಗಳನ್ನು ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ.

ಆಂಟಿ ವಾದ ಮಾಡಲಿಲ್ಲ. ಅಡಿಗೆಮನೆಯ ಕಡೆ ತಿರುಗಿ ಕೇಳಿದರು.

“ಈಳಿಗೆಮಣೆಗೆ ಕುಂಕುಮ ಇಟ್ರಾ ಅಕ್ಕ?”

“ಇಡ್ದೆ ಇರ್ತೀವಾ? ಬೆಳಿಗ್ಗೇನೇ ಇಟ್ಟೆ.”

“ಒಲೆಗೆ?”

“ಒಲೆಗೂ ಇಟ್ಟೆ. ಒರಳಿಗೂ ಇಟ್ಟೆ.”

“ಮಧ್ಯಾಹ್ನ ಏನ್ ಅಡಿಗೆ ಮಾಡಿದ್ರಿ?”

“ಒಬ್ಬಟ್ಟು, ಕೋಸಂಬ್ರಿ, ಹುಳಿ...” ಹೇಳುತ್ತಾ ಹೇಳುತ್ತಾ ಅಮ್ಮನ ಮಾತು ನಿಧಾನವಾಯಿತು.

“ನಮ್ಮ ಆಯುಧಕ್ಕೆ ಕುಂಕುಮ ಇಟ್ಟು, ಆ ಕುಂಕುಮ ಒಣಗೋ ಮುಂಚೇನೇ ಕೆಲ್ಸಕ್ಕೆ ಎಳೀತೀವಿ ಅಕ್ಕ. ಯಾವ ದೇವ್ರೂ ಇದುವರ್ಗೂ ಬೇಡ ಅಂದಿಲ್ಲ,” ಅಂದರು ಆಂಟಿ. “ಅವರ ತಾಯಿ ಕಾರ್ಯ. ನೆಂಟರಿಗೆ ಗೊತ್ತಾಗ್ಬೇಕಲ್ಲ.”

ಅಮ್ಮ ಎಲೆಯಡಿಕೆ ತಟ್ಟೆಯನ್ನು ಆಂಟಿಯ ಮುಂದಿಟ್ಟಳು. ಒಳಗೆ ಹೋದಳು. ದೀಪಕ್ಕೆ ಎಣ್ಣೆ ಹಾಕಿದ ಸದ್ದು, ಆಮೇಲೆ ಅಕ್ಷತೆ ಕಾಳು ತಟ್ಟೆಗೆ ಉದುರಿದ ಸದ್ದು. ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಒರೆಸಿ ತಂದು ಆಂಟಿಯ ಕೈಗೇ ಕೊಟ್ಟಳು. ನನ್ನ ಕೈಗೆ ಕೊಡಲಿಲ್ಲ. “ಇವನ್ ಕೈಗೆ ಕೊಡ್ಬೇಡಿ,” ಅಂತಲೂ ಸೇರಿಸಿದಳು.

ಅಂಗಡಿಗೆ ವಾಪಸ್ ಬಂದು, ಆಂಟಿ ಸತ್ತ ಡಬ್ಬದ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಅವರು ಲಿನಕ್ಸನ್ನು ಮುಟ್ಟಿದ್ದು ಅದೇ ಮೊದಲು. ನಾನು ತೋರಿಸಲೆಂದು ಕೈ ಚಾಚಿದೆ. ಕೈಯ ಮೇಲೆ ಸಣ್ಣಗೆ ಹೊಡೆದರು.

“ಕೈ ವದ್ದು. ಬಾಯಲ್ಲಿ ಹೇಳು.”

ಬಾಯಲ್ಲಿ ಹೇಳಿದೆ. ಅವರಿಗೆ ಗೊತ್ತಿದ್ದ ಕೀಲಿಗಳ ಜೋಡಣೆಯೇ ಇದರಲ್ಲೂ ಇತ್ತು. ಒತ್ತಕ್ಷರ ಬಂದಲ್ಲಿ ಬೆರಳು ತಡವರಿಸಿತು, ನಿಂತಿತು, ಮತ್ತೆ ಹೋಯಿತು. ಆವನಿಯವರು ಬಂದು ಮೆಟ್ಟಿಲ ಮೇಲೆ ಕೂತರು. ಮೃತರ ಹೆಸರು, ಮಗ ಸೊಸೆಯರ ಹೆಸರು, ಊಟದ ಸ್ಥಳ... ಒಂದೊಂದೇ ಪರದೆಯ ಮೇಲೆ ಬಂತು. ಪ್ರಿಂಟರಿನ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚುವಾಗ ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ಯಾಕೆಂದರೆ ನನ್ನ ಕಾಲೇಜಿನ ಪ್ರಿಂಟರ್ ಲಿನಕ್ಸಿನ ಮುಖ ಕೂಡ ನೋಡುತ್ತಿರಲಿಲ್ಲ. ಇದು ಸುಮ್ಮನೆ ಗುರುತು ಹಿಡಿದು ಕಾರ್ಡು ಉಗುಳತೊಡಗಿತು. ನಾನು ಎಲ್ಲವೂ ನನ್ನ ಯೋಜನೆಯಂತೆ ನಡೆಯುತ್ತಿದೆ ಅನ್ನುವ ಮುಖ ಮಾಡಿಕೊಂಡು ನಿಂತೆ.

ಪ್ರಿಂಟರ್ ಸದ್ದಿಗೆ ಮೈದುನ ಬಂದರು. ಹಣೆಯಲ್ಲಿ ದೊಡ್ಡ ಕುಂಕುಮ, ಕೈಯಲ್ಲಿ ಪುರಿ ಪೊಟ್ಟಣ. ಹಾರ ಹಾಕಿಕೊಂಡು ಸತ್ತು ಕೂತ ಡಬ್ಬ, ಎರರ್ ಸಾಲುಗಳು, ನಾನು. ಎಲ್ಲವನ್ನೂ ಒಂದೊಂದಾಗಿ ನೋಡಿದರು. ಅವರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ನಾನು ಅಲ್ಲಿರುವುದೇ ವಿವರಣೆಯಾಗಿತ್ತು.

“ಕೆಡಿಸ್ಬಿಟ್ನಾ? ಡಬ್ಬ ಕೊಡಿ ವದಿನಾ. ಸಿಡಿ ಹಾಕ್ಕೊಡ್ತೀನಿ. ಆಮೇಲೆ ಕೂತ್ಕೊಂಡು ಮಾತಾಡೋಣ.”

ನಾನಾಗಿದ್ದರೆ ತಕ್ಷಣ ಕೊಟ್ಟುಬಿಡುತ್ತಿದ್ದೆ. ನಾಳೆ ನನ್ನ ಕೈಯಲ್ಲಿ ಅದು ಸರಿಹೋಗುತ್ತದೆ ಅನ್ನುವ ನಂಬಿಕೆ ನನಗೇ ಇರಲಿಲ್ಲ. ಆಂಟಿ ಕಾರ್ಡುಗಳನ್ನು ಎಣಿಸಿ ಆವನಿಯವರಿಗೆ ಕೊಟ್ಟರು. ಅವರು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಹೋದರು. ಆಮೇಲೆ ಆಂಟಿ ಮೈದುನನಿಗೆ ಹೇಳಿದರು.

“ಬೇಡ. ಈ ಹುಡ್ಗ ಮಾಡ್ತಾನೆ.”

“ಇವ್ನಾ?”

“ಊಂ. ಇವ್ನೇ.”

ಮೈದುನ ಪುರಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೋದರು. ಅಂಗಡಿ ಮುಚ್ಚುವ ಮಾತು ಅವತ್ತು ಬರಲಿಲ್ಲ. ಆಮೇಲೂ ಬಂದದ್ದನ್ನು ನಾನು ಕೇಳಲಿಲ್ಲ.

ಮಾರನೆಯ ದಿನ ಗೆಳೆಯನೊಬ್ಬನ ಪೆನ್‌ಡ್ರೈವ್ ತಂದೆ. ಆಂಟಿ ಕುರ್ಚಿ ಬಿಡಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳಿದೆ, ಅವರು ಒತ್ತಿದರು. ನಾನು ಹೇಳಿದ್ದು ಅರ್ಧಕ್ಕರ್ಧ ತಪ್ಪಾಗಿತ್ತು. ತಪ್ಪಾದಾಗಲೆಲ್ಲ ಪರದೆಯಲ್ಲಿ ಬಂದದ್ದನ್ನು ಅಕ್ಷರ ಅಕ್ಷರವಾಗಿ ಓದಿಸಿ, ಅದರ ಅರ್ಥ ಏನು ಅಂತ ಕೇಳುತ್ತಿದ್ದರು. ನನಗೆ ಗೊತ್ತಿಲ್ಲದಿದ್ದರೆ ಇಬ್ಬರೂ ಫೋನಿನಲ್ಲಿ ಹುಡುಕುತ್ತಿದ್ದೆವು. ಸಂಜೆಯ ಹೊತ್ತಿಗೆ ಅದು ಎದ್ದು ಕೂತಿತು. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, “ಟೀ ಕುಡೀತೀಯಾ ನಾಯ್ನಾ?” ಅಂದರು. ಮತ್ತೆ ನಾಯ್ನಾ ಆದೆ.

ಆಮೇಲೆ ಎಷ್ಟೋ ದಿನ ಹೀಗೇ ನಡೆಯಿತು. ಬೆಳಿಗ್ಗೆ ಊದುಬತ್ತಿ ಹಚ್ಚಿ, ಕಪ್ಪು ಕಿಟಕಿ ತೆರೆದು, ಅಪ್‌ಡೇಟ್ ಆಜ್ಞೆ ಹೊಡೆದು, ಸಾಲುಗಳು ಓಡುವುದನ್ನು ನೋಡುತ್ತಾ ಹೂವು ಏರಿಸುತ್ತಿದ್ದರು. ಆ ಸಾಲುಗಳು ಅವರಿಗೆ ಮಂತ್ರದ ಹಾಗೆ ಕಾಣುತ್ತವೆ ಅಂದುಕೊಂಡು ನಾನು ಒಮ್ಮೆ ತಮಾಷೆ ಮಾಡಿದೆ. ಅವರು ನಗಲಿಲ್ಲ. “ಮಂತ್ರ ಅರ್ಥ ಆಗಲ್ಲ. ಇದು ಆಗ್ತದೆ,” ಅಂದರು. ಗಿರಾಕಿಗಳು ಬಂದು, ನಿಮ್ಮ ಫೈಲು ಬೇರೆ ಅಂಗಡಿಯಲ್ಲಿ ಓಪನ್ ಆಗಲ್ಲ ಆಂಟಿ ಅಂದರೆ, “ಬೇರೆ ಅಂಗಡಿಗೆ ಯಾಕ್ ಹೋದ್ರಿ?” ಅನ್ನುತ್ತಿದ್ದರು. ಲಿನಕ್ಸ್ ಚೆನ್ನಾಗಿದೆ ಅಂತ ಅವರು ಒಂದು ದಿನವೂ ಹೇಳಲಿಲ್ಲ. ನಾನು ಬಾಯಿ ಬಿಡಿಸಲು ಎಷ್ಟು ಪ್ರಯತ್ನಪಟ್ಟರೂ “ಓಡ್ತೈತೆ” ಅನ್ನುವುದರ ಮೇಲೆ ಹೋಗಲಿಲ್ಲ.

ಹೇಗೋ ಡಿಪ್ಲೊಮಾ ಮುಗಿಯಿತು. ಕೋಲಾರದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್ ಆದೆ, ಅಲ್ಲೇ ರೂಮು ಮಾಡಿದೆ. ನನ್ನ ಲ್ಯಾಬಿನ ಕಂಪ್ಯೂಟರುಗಳೆಲ್ಲ ವಿಂಡೋಸ್. ಸಂಬಳ ಕೊಡುವವರು ಹೇಳಿದ್ದನ್ನು ಹಾಕುವವನು ನಾನು. ಮಾಲೆ ತೆಗೆದು ಬಹಳ ಕಾಲವಾಯಿತು. ಮುಳಬಾಗಿಲಿಗೆ ಹಬ್ಬಕ್ಕೆ ಹೋದಾಗ ಆಂಟಿಯ ಅಂಗಡಿಯ ಮುಂದೆ ಬೈಕ್ ನಿಧಾನ ಮಾಡಿ, ಕೈ ಎತ್ತಿ, ಮುಂದೆ ಹೋಗುತ್ತಿದ್ದೆ. ಅವರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಇಳಿದು ಒಳಗೆ ಹೋಗಿ ಕೂತದ್ದು ಯಾವಾಗ ಕೊನೆ ಎಂದು ಈಗ ಯೋಚಿಸಿದರೆ... ಹೊಳೆಯುವುದಿಲ್ಲ.

ಹೋದ ವರ್ಷ ಅಮ್ಮ ಫೋನಿನಲ್ಲಿ, ಗ್ಯಾಸ್ ಬುಕ್ ಮಾಡಿದ್ದು, ಮಾವಿನಕಾಯಿ ಬಂದದ್ದು ಎಲ್ಲ ಹೇಳಿದ ಮೇಲೆ, “ಡಿಟಿಪಿಯವ್ರು ಹೋಗ್ಬಿಟ್ರು ಕಣೋ,” ಅಂದಳು. ಯಾವುದೋ ಊರಿಗೆ ಹೋದರು ಅಂದುಕೊಂಡು ಎಲ್ಲಿಗೆ ಅಂತ ಕೇಳಿದೆ. “ತಿಥಿಗಾದ್ರೂ ಬಾ,” ಅಂದಳು ಅಮ್ಮ. ಲ್ಯಾಬಿನಲ್ಲಿ ಪರೀಕ್ಷೆ ನಡೆಯುತ್ತಿತ್ತು. ಹೋಗಲಾಗಲಿಲ್ಲ. ಹೋಗಲಾಗಲಿಲ್ಲ ಅನ್ನುವುದು ನಾನು ಎಲ್ಲರಿಗೂ ಹೇಳಿದ ಮಾತು. ರಜೆ ಕೇಳಲಿಲ್ಲ ಅನ್ನುವುದು ನಡೆದದ್ದು.

ಮೊನ್ನೆ ಭಾನುವಾರ ಹೋದೆ. ಗೋಡೆ ಇಲ್ಲ. ಎರಡು ಅಂಗಡಿ ಒಂದಾಗಿ ಉದ್ದಕ್ಕೆ ಗಾಜಿನ ಶೋಕೇಸು, ಅದರ ತುಂಬ ಮೊಬೈಲ್ ಕವರುಗಳು. ಮೈದುನನ ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಗುರುತು ಹಿಡಿದು, ಈ ಸಲ ಫೋನ್ ಕಿವಿಗಿಟ್ಟುಕೊಳ್ಳದೆ, ಸ್ಟೂಲ್ ಎಳೆದುಕೊಟ್ಟರು. ಮೂಲೆಯಲ್ಲಿ ಆಂಟಿಯ ಮೇಜು, ಅದರ ಮೇಲೆ ಅವರ ಕಂಪ್ಯೂಟರ್ ಹಾಗೇ ಇತ್ತು. ಕುರ್ಚಿಯೂ ಇತ್ತು.

“ವದಿನ ಇರೋವರ್ಗೂ ಗೋಡೆ ಮುಟ್ಲಿಲ್ಲ,” ಅಂದರು, ನಾನು ಏನೂ ಕೇಳದಿದ್ದರೂ. “ಹಳೇ ಗಿರಾಕಿಗಳು ಬರ್ತಾರೆ. ಅವ್ರ್ ಮಾಡಿದ್ ಕಾರ್ಡೇ ಬೇಕು, ವಿಳಾಸ ಮಾತ್ರ ಬದ್ಲಾಯ್ಸಿ ಅಂತಾರೆ. ಒಳಗೆ ಎಲ್ಲಾ ಐತೆ. ತೆಗೆಯೋಕೆ ನನಗ್ ಬರಲ್ಲ. ನೀನು ಒಂದ್ಸಲ ನೋಡು.”

ಆ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಸ್ಟೂಲಿನಲ್ಲೇ ಕೂತು ನೋಡಿದೆ. ಅದು ಆಂಟಿಯ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಒಳಗೆ ಹೋಗುವ ದಾರಿಯೊಂದಿದೆ, ಒಂದು ಕಾಲದಲ್ಲಿ ಬಾಯಿಪಾಠವಾಗಿತ್ತು. ಒಂದೆರಡು ಸಾಲು ಹೊಡೆದೆ. ಅದು ಒಪ್ಪಲಿಲ್ಲ. ಇನ್ನೊಂದು ಹೊಡೆದೆ. ಮುಂದಿನದು ನೆನಪಾಗಲಿಲ್ಲ. ಹೊರಗೆ ಶ್ರೀನಿವಾಸಪುರದ ಬಸ್ಸು ಹಾರ್ನ್ ಮಾಡುತ್ತಾ ಹೋಯಿತು.

“ಬರಲ್ವಾ?” ಮೈದುನ ಕೇಳಿದರು.

“ಬರ್ತಾ ಇಲ್ಲ ಅಂಕಲ್.”

ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಬಟ್ಟೆ ತೆಗೆದುಕೊಂಡು ಮಾನಿಟರಿನ ಮೇಲಿನ ಧೂಳು ಒರೆಸಿದರು. ಒರೆಸುತ್ತಲೇ ಹೇಳಿದರು.

“ಅವ್ರು ಇದ್ದಾಗ ಒಂದ್ಸಲ ಕೇಳ್ದೆ. ಇಷ್ಟೆಲ್ಲಾ ಆ ಹುಡ್ಗನೇ ಕಲಿಸಿದ್ನಾ ವದಿನಾ, ಅಂತ. ‘ಅವ್ನಿಗೆ ಏನೂ ಬರ್ತಿರ್ಲಿಲ್ಲ ಕಣೋ, ಅದಕ್ಕೇ ನಾನ್ ಕಲ್ತೆ. ನಿನಗೆ ಎಲ್ಲಾ ಬರ್ತಿತ್ತು,’ ಅಂದ್ರು.”